ಮೂರು ಬಾಗಿಲುಗಳು: ನಿರಾಕರಣೆಯ ನಡುವೆ ಸಮುದಾಯದ ಉದ್ದಿಮೆ

ವ್ಯಾಪಾರಕ್ಕೆ ಇಳಿಯುವವರು ಮೂರು ಬಾಗಿಲುಗಳನ್ನು ತಟ್ಟಬೇಕಾಗುತ್ತದೆ: ಸಾಲ ಕೊಡುವವರದು, ಸರಕು ಒದಗಿಸುವವರದು, ಗಿರಾಕಿಯದು. ಮನೆತನದ ಹೆಸರು, ಬಂಧುಬಳಗದ ಪರಿಚಯ ಉಳ್ಳವರಿಗೆ ಇವು ಬೇಗ ತೆರೆಯುತ್ತವೆ. ಜಾತಿಯ ಅಥವಾ ವರ್ಣದ ಕಾರಣದಿಂದ ಆ ಪರಿಚಯವೇ ದೊರೆಯದವರು ಏನು ಮಾಡಬೇಕು? ಸ್ವಂತ ಸಮುದಾಯವನ್ನು ನೆಚ್ಚಿ ಉದ್ದಿಮೆ ಕಟ್ಟಬೇಕೆಂಬುದು ಸಾಮಾನ್ಯ ಸಲಹೆ. ಆದರೆ ಸಮುದಾಯವು ಯಾವ ಬಾಗಿಲನ್ನು ತೆರೆಯಬಲ್ಲದು, ಯಾವುದನ್ನು ತೆರೆಯಲಾರದು ಎಂಬುದನ್ನು ಮೊದಲು ಅರಿಯುವುದು ಅಗತ್ಯ.

ಗಿರಾಕಿಯ ನಿರಾಕರಣೆ

1917ರಲ್ಲಿ ಬರೋಡ ಸಂಸ್ಥಾನದ ನೌಕರಿಯನ್ನು ತೊರೆದು ಮುಂಬಯಿಗೆ ಮರಳಿದ ಡಾ. ಬಿ. ಆರ್. ಅಂಬೇಡ್ಕರ್ ಅವರು ಷೇರು ವ್ಯವಹಾರದಲ್ಲಿ ಸಲಹೆ ನೀಡುವ ಸಂಸ್ಥೆಯೊಂದನ್ನು ತೆರೆದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಬಂದವರಿಗೆ ಅರ್ಹತೆಯ ಕೊರತೆ ಇರಲಿಲ್ಲ. ಸಲಹೆಗಾರರು ಅಸ್ಪೃಶ್ಯ ಜಾತಿಯವರೆಂದು ತಿಳಿದೊಡನೆ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು, ಸಂಸ್ಥೆ ಮುಚ್ಚಿತು. ಷೇರು ಕೊಳ್ಳುವ ಶಕ್ತಿ ಅಂದು ಅವರ ಸಮುದಾಯಕ್ಕೆ ಇರಲಿಲ್ಲವಾದ್ದರಿಂದ ಆ ಬಾಗಿಲನ್ನು ಅದು ತೆರೆಯಲಾರದಾಯಿತು.

ಒಂದೇ ಊರು, ಎರಡು ಫಲ

ಅಮೆರಿಕದ ರಿಚ್ಮಂಡ್ ನಗರದ ಮ್ಯಾಗಿ ಲೀನಾ ವಾಕರ್ ಕಪ್ಪು ಜನಾಂಗದ ಅಗಸಗಿತ್ತಿಯೊಬ್ಬರ ಮಗಳು. ಸೇಂಟ್ ಲ್ಯೂಕ್ ಎಂಬ ಪರಸ್ಪರ ಸಹಾಯ ಸಂಘದ ಮುಖ್ಯಸ್ಥೆಯಾಗಿ 1903ರಲ್ಲಿ ‘ಪೆನ್ನಿ ಸೇವಿಂಗ್ಸ್ ಬ್ಯಾಂಕ್’ ಆರಂಭಿಸಿದರು. ಕೂಲಿಕಾರರ ಚಿಲ್ಲರೆ ಕಾಸಿನ ಠೇವಣಿಯೇ ಅದರ ಬಲ. ಆ ಹಣವು ಅದೇ ಜನರಿಗೆ ಮನೆ ಕೊಳ್ಳಲು ಸಾಲವಾಗಿ ಮರಳಿತು. 1905ರಲ್ಲಿ ಅದೇ ಸಂಘವು ದೊಡ್ಡ ಬಟ್ಟೆಬರೆ ಮಳಿಗೆಯನ್ನೂ ತೆರೆಯಿತು. ಬಿಳಿಯ ವರ್ತಕರು ಒಗ್ಗೂಡಿ, ಸಗಟು ವ್ಯಾಪಾರಿಗಳು ಅದಕ್ಕೆ ಸರಕು ಕೊಡದಂತೆ ಒತ್ತಡ ಹೇರಿದರು. ಮಳಿಗೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಬ್ಯಾಂಕ್ ಮಾತ್ರ ಉಳಿದು, 1930ರ ಹೊತ್ತಿಗೆ ಇತರ ಕಪ್ಪು ಒಡೆತನದ ಬ್ಯಾಂಕುಗಳೊಡನೆ ಸೇರಿ ಬೆಳೆಯಿತು.

ನಾಯಕತ್ವ ಒಂದೇ, ಜನರೂ ಅವರೇ. ಬ್ಯಾಂಕಿಗೆ ಬೇಕಾದ ಹಣ ಸಮುದಾಯದ ಕೈಯಲ್ಲಿತ್ತು. ಮಳಿಗೆಗೆ ಬೇಕಾದ ಸರಕು ಪರರ ಕೈಯಲ್ಲಿತ್ತು. ನಮ್ಮ ಪಾಠ ಇರುವುದು ಈ ವ್ಯತ್ಯಾಸದಲ್ಲಿ.

ನಮ್ಮ ಊರಿಗೆ ಅನ್ವಯ

ಜೇವರ್ಗಿ ಕಾಲೋನಿಯಲ್ಲಿ ಪರಿಶಿಷ್ಟ ಜಾತಿಯ ಮಹಿಳೆಯೊಬ್ಬರು ನೆರೆಹೊರೆಯವರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಕೇಂದ್ರ ತೆರೆಯುತ್ತಾರೆಂದು ಭಾವಿಸೋಣ. ದುಡಿಯುವ ಕೈಗಳೂ ಸ್ವಸಹಾಯ ಗುಂಪಿನ ಉಳಿತಾಯವೂ ಸಮುದಾಯದಿಂದಲೇ ದೊರೆಯುತ್ತವೆ. ಆದರೆ ‘ಅವರ ಕೈಯ ರೊಟ್ಟಿ’ ಎಂದು ಹಿಂಜರಿಯುವ ಗಿರಾಕಿಯನ್ನು ಗೆಲ್ಲುವುದು ಹೇಗೆ? ಜಿಲ್ಲಾಡಳಿತದ ನೆರವಿನಿಂದ ಸ್ವಸಹಾಯ ಗುಂಪುಗಳ ಮಹಿಳೆಯರು ಮಾರುಕಟ್ಟೆಗೆ ತಂದ ‘ಕಲಬುರಗಿ ರೊಟ್ಟಿ’ ಒಂದು ದಾರಿ ತೋರಿಸಿದೆ. ದಿನಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ರೊಟ್ಟಿ ತಯಾರಾಗುವುದನ್ನು ಪ್ರಧಾನಿಯವರು 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಸ್ತಾಪಿಸಿದರು. ಊರಿನ ಹೆಸರು ಹೊತ್ತ ಪೊಟ್ಟಣದಲ್ಲಿ ಗಿರಾಕಿ ನೋಡುವುದು ಗುಣಮಟ್ಟವನ್ನು.

ಉಳಿದ ಬಾಗಿಲುಗಳಿಗೆ ದಾಖಲೆಯೇ ಕೀಲಿಕೈ. ಪ್ರತಿದಿನದ ಜಮಾ-ಖರ್ಚನ್ನು ಬರೆದಿಡಬೇಕು. ಮಾರಾಟದ ಹಣ ಬ್ಯಾಂಕ್ ಖಾತೆಯ ಮೂಲಕವೇ ಸಾಗಬೇಕು. ಶುಲ್ಕವಿಲ್ಲದ ಉದ್ಯಮ ನೋಂದಣಿಯನ್ನೂ ಆಹಾರ ಸುರಕ್ಷತಾ ನೋಂದಣಿಯನ್ನೂ ಮೊದಲೇ ಮಾಡಿಸಬೇಕು. ಆಸ್ತಿ ಅಡವಿಡಲಾಗದವರ ಸಾಲಕ್ಕೆ ಖಾತರಿ ನೀಡಲು 2000ದಲ್ಲಿಯೇ ಸಾಲ ಖಾತರಿ ನಿಧಿ ಸ್ಥಾಪನೆಯಾಗಿದೆ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯಂತೆ, ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ವಾರ್ಷಿಕ ಖರೀದಿಯ ಶೇ. 4ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರ ಸಣ್ಣ ಉದ್ದಿಮೆಗಳಿಂದ ಪಡೆಯುವ ಗುರಿಯಿದೆ. ದಾಖಲೆ ಇಲ್ಲದವರಿಗೆ ಇವೆರಡೂ ಕಾಗದದ ಮೇಲಿನ ಸೌಲಭ್ಯಗಳಷ್ಟೇ. 2005ರಲ್ಲಿ ಪುಣೆಯಲ್ಲಿ ಮಿಲಿಂದ್ ಕಾಂಬ್ಳೆ ಅವರು ಸ್ಥಾಪಿಸಿದ ದಲಿತ ವಾಣಿಜ್ಯೋದ್ಯಮ ಸಂಸ್ಥೆ ‘ಡಿಕ್ಕಿ’ಯೂ ಇಂಥ ಉದ್ಯಮಿಗಳನ್ನು ಒಗ್ಗೂಡಿಸುವ ಕೆಲಸ ಮಾಡುತ್ತಾ ಬಂದಿದೆ.

ವರ್ತಕ ಬಂಧುಗಳ ಪಾಲು

ಸರಕಿನ ಬಾಗಿಲಿನ ಕೀಲಿ ಮಾತ್ರ ಗಂಜ್‌ನ ವರ್ತಕರಾದ ನಮ್ಮ ಕೈಯಲ್ಲಿಯೇ ಇದೆ. ಹತ್ತು ಚೀಲ ಜೋಳವನ್ನು ಪರಿಚಯಸ್ಥರಿಗೆ ಹದಿನೈದು ದಿನದ ಉದ್ರಿಗೆ ಕೊಟ್ಟು, ಹೊಸಬರಿಗೆ ರೊಕ್ಕ ಕೇಳಿದರೆ, ಇಬ್ಬರ ದುಡಿಮೆ ಸಮವಿದ್ದರೂ ಹೊಸಬರ ಬಂಡವಾಳ ಮೊದಲು ಬರಿದಾಗುತ್ತದೆ. ಮೊದಲ ಸಲ ಎರಡೇ ಚೀಲ ಉದ್ರಿ ಕೊಟ್ಟು, ಹೇಳಿದ ದಿನ ಹಣ ಬಂದರೆ ಮುಂದಿನ ಸಲ ನಾಲ್ಕಕ್ಕೆ ಏರಿಸಬಹುದು. ಇದು ದಾನವಲ್ಲ, ಲೆಕ್ಕ ನೋಡಿ ಮಾಡುವ ವ್ಯಾಪಾರ. ರಿಚ್ಮಂಡ್‌ನ ಸಗಟು ವ್ಯಾಪಾರಿಗಳು ಕಳೆದುಕೊಂಡದ್ದು ನಿಯತ್ತಿನ ಗಿರಾಕಿಯನ್ನು ಎಂಬುದನ್ನು ನಾವು ಮರೆಯಬಾರದು.