ಕ್ಯಾನ್ಸರ್ ನೋವಿಗೆ ಮಾರ್ಫಿನ್: ಕೇಳಿ ಪಡೆಯುವುದು ಹೇಗೆ?

ಕ್ಯಾನ್ಸರ್ ರೋಗಿ ರಾತ್ರಿಯಿಡೀ ನರಳುತ್ತಿದ್ದರೂ ಅದೇ ಹಳೆಯ ನೋವಿನ ಮಾತ್ರೆಯಲ್ಲಿ ದಿನ ದೂಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಾರ್ಫಿನ್‌ಗೆ ಮೂಲವಾದ ಅಫೀಮನ್ನು ಔಷಧಕ್ಕೆಂದೇ ಬೆಳೆಯುವ ದೇಶದಲ್ಲಿ ಇದು ಅನ್ಯಾಯ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಹಲವು ಪರವಾನಗಿಗಳ ಕಾಟ, ಕೇಸಿನ ಭಯ ಎರಡೂ ಸೇರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅದನ್ನು ಬರೆದು ರೂಢಿಯೇ ಇಲ್ಲದ ವೈದ್ಯರ ತಲೆಮಾರು ಬೆಳೆಯಿತು. 2014ರ ತಿದ್ದುಪಡಿ ಈ ಗಂಟನ್ನು ಸಡಿಲಿಸಿದೆ: ಮಾರ್ಫಿನ್, ಫೆಂಟನಿಲ್ ಮುಂತಾದವು ಈಗ ‘ಅಗತ್ಯ’ ಔಷಧಗಳು, ಮಾನ್ಯತೆ ಪಡೆದ ಆಸ್ಪತ್ರೆ ಇವನ್ನು ಇಟ್ಟುಕೊಂಡು ರೋಗಿಗೆ ಕೊಡಬಹುದು. ಆದ್ದರಿಂದ ಸಂಕೋಚವಿಲ್ಲದೆ ಕೇಳಿ.

ಮೊದಲು ನೋವನ್ನು ಬರೆದಿಡಿ. ‘ತುಂಬಾ ನೋವು’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಏನೂ ತಿಳಿಯದು. ಎಲ್ಲಿ, ಯಾವಾಗ, ಹತ್ತಕ್ಕೆ ಎಷ್ಟು, ಯಾವ ಮಾತ್ರೆಗೆ ಎಷ್ಟು ಹೊತ್ತು ತಗ್ಗಿತು, ನಿದ್ದೆ ಬಂತೇ ಎಂದು ನಾಲ್ಕು ದಿನ ಗುರುತು ಹಾಕಿ. ಉರಿಯೋ, ಕರೆಂಟು ಹೊಡೆದಂತೆಯೋ ಇದ್ದರೆ ಅದನ್ನೂ ಹೇಳಿ. ನರದ ನೋವಿಗೆ ಬೇರೆ ಔಷಧ ಜೊತೆಗೂಡಬೇಕಾಗುತ್ತದೆ.

ವೈದ್ಯರೆದುರು ನೇರವಾಗಿ ಮಾತಾಡಿ: “ಡಾಕ್ಟ್ರೇ, ಈ ಮಾತ್ರೆ ಎರಡು ಗಂಟೆಯೂ ತಡೆಯುತ್ತಿಲ್ಲ. ಮಾರ್ಫಿನ್ ಕೊಡಬಹುದಾ? ಇಲ್ಲಿಲ್ಲದಿದ್ದರೆ ಎಲ್ಲಿ ಸಿಗುತ್ತೆ, ಅಲ್ಲಿಗೆ ಒಂದು ಚೀಟಿ ಬರೆದುಕೊಡಿ.” ‘ಸಹಿಸಿಕೊಳ್ಳಿ’ ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಬೇಡಿ. ತೀವ್ರ ಕ್ಯಾನ್ಸರ್ ನೋವಿಗೆ ಮಾರ್ಫಿನ್‌ನಂಥ ಔಷಧ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ.

ಬೆಂಗಳೂರಿನಲ್ಲಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಚಾರಿಸಿ. ಗುಣವಾಗುವ ಹಂತ ದಾಟಿದ ರೋಗಿಗಳನ್ನು ಅಲ್ಲಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರ ಉಚಿತವಾಗಿ ನೋಡಿಕೊಳ್ಳುತ್ತದೆ. ಬೇರೆ ಊರಿನವರು ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ಪ್ಯಾಲಿಯೇಟಿವ್ ಕೇರ್ (ನೋವು ತಗ್ಗಿಸುವ ಆರೈಕೆ) ವಿಭಾಗ ಇದೆಯೇ ಎಂದು ಕೇಳಿ. ಹೊರಡುವ ಮೊದಲು ಫೋನ್ ಮಾಡಿ, ಮಾರ್ಫಿನ್ ದಾಸ್ತಾನು ಖಚಿತಪಡಿಸಿಕೊಳ್ಳಿ. ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಾರಾಂಶ, ಹಳೆಯ ಚೀಟಿಗಳು, ರೋಗಿಯ ಮತ್ತು ನಿಮ್ಮ ಗುರುತಿನ ಚೀಟಿ ಜೊತೆಗಿರಲಿ.

ಮನೆಯವರನ್ನು ಹೆಚ್ಚು ಕಾಡುವುದು ‘ಚಟ ಹತ್ತೀತು’, ‘ಇದು ಕೊನೆಗಾಲದ ಔಷಧ’ ಎಂಬ ಎರಡು ಮಾತು. ವೈದ್ಯರು ಹೇಳಿದ ಅಳತೆಯಲ್ಲಿ ಕ್ಯಾನ್ಸರ್ ನೋವಿಗೆ ತೆಗೆದುಕೊಳ್ಳುವವರಲ್ಲಿ ಚಟ ಅಪರೂಪ. ಕೊನೆಗಾಲಕ್ಕೆ ಕಾಯಬೇಕಾಗಿಯೂ ಇಲ್ಲ. ನೋವು ತಗ್ಗಿದವರು ಉಣ್ಣುತ್ತಾರೆ, ಮಲಗುತ್ತಾರೆ, ಮೊಮ್ಮಕ್ಕಳೊಡನೆ ಮಾತಾಡುತ್ತಾರೆ. ಆದರೆ ಹಳೆಯ ಬೆನ್ನುನೋವು, ಮಂಡಿನೋವುಗಳ ಲೆಕ್ಕವೇ ಬೇರೆ. ಅವುಗಳಿಗೆ ಇದನ್ನು ಕೇಳಿ ಒತ್ತಾಯಿಸಬೇಡಿ.

ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ನೋವು ಮರಳುವವರೆಗೆ ಕಾಯದೆ, ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ. ಅದರ ಔಷಧವನ್ನು ಮೊದಲ ದಿನವೇ ಬರೆಸಿಕೊಳ್ಳಿ. ಎಬ್ಬಿಸಿದರೂ ಏಳದಷ್ಟು ಮಂಪರು, ನಿಧಾನವಾದ ಉಸಿರು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ನೀವಾಗಿಯೇ ಅಳತೆ ಏರಿಸಬೇಡಿ, ದಿಢೀರನೆ ನಿಲ್ಲಿಸಲೂ ಬೇಡಿ. ಮಾತ್ರೆಗಳು ಬೀಗದೊಳಗಿರಲಿ. ಮುಗಿಯುವ ಒಂದು ವಾರ ಮೊದಲೇ ಮುಂದಿನ ಚೀಟಿಗೆ ಹೋಗಿ. ಎಲ್ಲ ಮೆಡಿಕಲ್ ಶಾಪಿನಲ್ಲೂ ಇದು ಸಿಗುವುದಿಲ್ಲ.