ತಟ್ಟೆಯ ಬೀಜ, ಚೀಲದ ಬೀಜ: ತೆರೆಯ ಮೇಲಿನ ‘ಸೀಮೆಯವನು’ ಮತ್ತು ಸಂಭವನೀಯತೆಯ ಪಾಠ

ಪೀಠಿಕೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆಲ್ಲ ಒಂದು ಸಂಗತಿ ಬೇಗ ತಿಳಿಯುತ್ತದೆ. ಇಲ್ಲಿನ ಮಕ್ಕಳು ಎರಡು ಭಾಷೆಯ ಟಿವಿ ನೋಡಿ ಬೆಳೆಯುತ್ತಾರೆ. ಪಾವಗಡವನ್ನು ಮೂರು ಕಡೆ ಆಂಧ್ರ ಸುತ್ತುವರಿದಿದೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಆಂಧ್ರದ ನೆಲವನ್ನು ದಾಟಿಯೇ ಹೋಗುತ್ತದೆ. ಅತ್ತ ಮಡಕಶಿರಾ, ರೊಳ್ಳ, ಅಮರಾಪುರದ ಕಡೆ ಕನ್ನಡ ಮಾತಾಡುವ ಹಳ್ಳಿಗಳಿವೆ. ಇತ್ತ ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು.

ನಾನು ಗಣಿತ ಬೋಧಿಸಿದ ಹತ್ತನೇ ತರಗತಿಯಲ್ಲಿ ಗಡಿಯಾಚೆಯ ಹಳ್ಳಿಯಿಂದ ಬಂದು ಸೇರಿದ ಒಬ್ಬ ಹುಡುಗನಿದ್ದ. ಅವನನ್ನು ಸಹಪಾಠಿಗಳು ‘ಫ್ಯಾಕ್ಷನ್’ ಎಂದು ಕರೆಯುತ್ತಿದ್ದರು. ಯಾಕೆ ಎಂದು ಕೇಳಿದಾಗ ಬಂದ ಉತ್ತರ: “ಸೀಮೆಯೋನು ಮಿಸ್ ಅವ್ನು. ಸೀಮೆಯೋರು ಮಚ್ಚು ಇಟ್ಕೊಂಡಿರ್ತಾರೆ.” ತಮಾಷೆಯ ಮಾತೇ ಇರಬಹುದು. ಆದರೆ ಒಂದು ದಿನ ಯಾರದೋ ಜಾಮಿಟ್ರಿ ಬಾಕ್ಸ್ ಕಾಣೆಯಾದಾಗ ಎಲ್ಲರ ಕಣ್ಣೂ ಮೊದಲು ತಿರುಗಿದ್ದು ಆ ಹುಡುಗನ ಬ್ಯಾಗಿನ ಕಡೆಗೆ. ಬಾಕ್ಸ್ ಆಮೇಲೆ ಲ್ಯಾಬಿನಲ್ಲಿ ಸಿಕ್ಕಿತು.

ಈ ಬಗ್ಗೆ ಮಾರ್ಗದರ್ಶಕ ಶಿಕ್ಷಕರಲ್ಲಿ ಪ್ರಸ್ತಾಪಿಸಿದೆ. ಅವರು ಹೇಳಿದ್ದು: “ನೋಡಮ್ಮ, ನೀತಿ ಹೇಳಿದ್ರೆ ಮಕ್ಕಳು ತಲೆ ಆಡಿಸ್ತಾರೆ ಅಷ್ಟೆ. ಹೆಂಗೂ ಸಂಭವನೀಯತೆ ಪಾಠ ಐತಲ್ಲ, ಲೆಕ್ಕ ಮಾಡ್ಸು.” ಹಾಗೆ ರೂಪುಗೊಂಡ ಎರಡು ಅವಧಿಯ ಪಾಠ ಮತ್ತು ಅದಕ್ಕಾಗಿ ನಾನು ಓದಿಕೊಂಡ ಹಿನ್ನೆಲೆಯನ್ನು ಈ ಲೇಖನದಲ್ಲಿ ಹಂಚಿಕೊಂಡಿದ್ದೇನೆ.

ಹಿನ್ನೆಲೆ: ತೆರೆ ಏನನ್ನು ಆರಿಸುತ್ತದೆ?

ರಾಯಲಸೀಮೆಯಲ್ಲಿ ಫ್ಯಾಕ್ಷನ್ ಜಗಳಗಳು ನಡೆದದ್ದು ನಿಜ. ಅದನ್ನು ಮಕ್ಕಳ ಮುಂದೆ ಸುಳ್ಳೆನ್ನಬೇಕಾಗಿಲ್ಲ. 1999ರ ‘ಸಮರಸಿಂಹಾ ರೆಡ್ಡಿ’ಯ ಯಶಸ್ಸಿನ ನಂತರ ತೆಲುಗಿನಲ್ಲಿ ಇಂಥ ಚಿತ್ರಗಳ ಸಾಲೇ ಬಂತು: 2001ರಲ್ಲಿ ‘ನರಸಿಂಹ ನಾಯುಡು’, 2002ರಲ್ಲಿ ‘ಆದಿ’ ಮತ್ತು ‘ಇಂದ್ರ’, 2003ರಲ್ಲಿ ‘ಒಕ್ಕಡು’. ಬಿಳಿ ಬಟ್ಟೆ, ದಪ್ಪ ಮೀಸೆ, ಸಾಲಾಗಿ ಬರುವ ಸುಮೋಗಳು, ನಾಡಬಾಂಬು, ಮಚ್ಚು. ಇವು ಚಿತ್ರಮಂದಿರದಿಂದ ಹೋದರೂ ಟಿವಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ಈ ಚಿತ್ರಗಳು ಬಂದಾಗ ಹುಟ್ಟಿಯೇ ಇರದ ಮಕ್ಕಳಿಗೂ ಇವು ಬಾಯಿಪಾಠ. ಫ್ಯಾಕ್ಷನ್ನಿನ ದುಃಖವನ್ನು ಹೇಳಿ, ಅದನ್ನು ನಿಲ್ಲಿಸುವ ಮಾತಾಡುವ 2018ರ ‘ಅರವಿಂದ ಸಮೇತ’ದಂಥ ಚಿತ್ರವೂ ಇದೆ. ಆದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಹೊಡೆದಾಟವೇ.

ತಿರುಪತಿ ಕೂಡ ರಾಯಲಸೀಮೆಯಲ್ಲೇ ಇದೆ. ನಾವು ಶಾಲಾ ಪ್ರವಾಸ ಹೋಗುವ ಲೇಪಾಕ್ಷಿಯೂ ಅಲ್ಲೇ ಇದೆ. 1977ರಿಂದ 1982ರವರೆಗೆ ರಾಷ್ಟ್ರಪತಿಯಾಗಿದ್ದ ನೀಲಂ ಸಂಜೀವ ರೆಡ್ಡಿಯವರು ಅನಂತಪುರ ಜಿಲ್ಲೆಯವರು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಮುಗಿಲು ನೋಡುವ ರೈತ ಪಾವಗಡದಲ್ಲಿರುವಂತೆಯೇ ಅನಂತಪುರದಲ್ಲೂ ಇದ್ದಾನೆ. ಮಚ್ಚಿನವನ ಕಥೆಗೆ ಸಿಕ್ಕ ತೆರೆ ಈ ರೈತನ ಕಥೆಗೆ ಸಿಕ್ಕಿಲ್ಲ.

ಇದು ನಮ್ಮ ಗಡಿಯ ಕಥೆ ಮಾತ್ರವಲ್ಲ. ಅಮೆರಿಕದ ಅಪರಾಧ ಧಾರಾವಾಹಿಗಳಲ್ಲಿ ಮೆಕ್ಸಿಕೊ, ಕೊಲಂಬಿಯ ಮೂಲದ ಗಂಡಸು ಬಂದರೆ ಬಹಳ ಸಲ ಅವನು ಮಾದಕವಸ್ತು ಸಾಗಿಸುವವನಾಗಿರುತ್ತಾನೆ. 2015ರಲ್ಲಿ ಶುರುವಾದ ‘ನಾರ್ಕೋಸ್’ ಕೊಲಂಬಿಯದ ಪಾಬ್ಲೊ ಎಸ್ಕೊಬಾರ್‌ನ ಕಥೆಯನ್ನು ಜಗತ್ತಿಗೆಲ್ಲ ತೋರಿಸಿತು. 1982ರಲ್ಲಿ ನೊಬೆಲ್ ಪಡೆದ ಗೇಬ್ರಿಯಲ್ ಗಾರ್ಸಿಯ ಮಾರ್ಕೆಸ್ ಕೂಡ ಕೊಲಂಬಿಯದವರೇ. ಒಂದು ದೇಶದ ಹೆಸರು ಕೇಳಿದೊಡನೆ ಯಾವ ಮುಖ ಮನಸ್ಸಿಗೆ ಬರುತ್ತದೆ ಎಂಬುದನ್ನು ನಾವು ಏನನ್ನು ಹೆಚ್ಚು ಸಲ ನೋಡಿದ್ದೇವೆ ಎಂಬುದು ತೀರ್ಮಾನಿಸುತ್ತದೆ. ಟಿವಿಯಲ್ಲಿ ಹಿಂಸೆಯನ್ನು ಹೆಚ್ಚು ನೋಡುವವರು ಹೊರಗಿನ ಜಗತ್ತನ್ನೂ ಹೆಚ್ಚು ಅಪಾಯಕಾರಿ ಎಂದು ಭಾವಿಸುತ್ತಾರೆ ಎಂಬ ವಾದವನ್ನು ಸಂವಹನ ವಿದ್ವಾಂಸ ಜಾರ್ಜ್ ಗರ್ಬ್‌ನರ್ 1970ರ ದಶಕದಲ್ಲೇ ಮಂಡಿಸಿದ್ದರು.

ಹಣೆಪಟ್ಟಿ ಕಾನೂನಾದಾಗ

ಹಣೆಪಟ್ಟಿ ಬರೀ ಅಡ್ಡಹೆಸರಾಗಿ ಉಳಿಯುವುದಿಲ್ಲ. ನಮ್ಮ ದೇಶದಲ್ಲಿ ಅದು ಕಾನೂನೇ ಆಗಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪ್ರಕಾರ ಇಡೀ ಸಮುದಾಯಗಳನ್ನೇ ‘ಅಪರಾಧಿ’ ಎಂದು ಪಟ್ಟಿ ಮಾಡಲಾಯಿತು. ಆ ಸಮುದಾಯದಲ್ಲಿ ಹುಟ್ಟಿದವರು ಹೆಸರು ನೋಂದಾಯಿಸಬೇಕಿತ್ತು, ಹಾಜರಿ ಹಾಕಬೇಕಿತ್ತು, ಊರು ಬಿಡಲು ಅನುಮತಿ ಬೇಕಿತ್ತು. 1911ರಲ್ಲಿ ಈ ಕಾನೂನು ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು. ನಮ್ಮ ಪಕ್ಕದ ಮಡಕಶಿರಾ, ಹಿಂದೂಪುರಗಳು ಆಗ ಆ ಪ್ರಾಂತ್ಯದಲ್ಲಿದ್ದವು. ನಾವು ಕೊರಚ, ಕೊರಮ ಎನ್ನುವ, ತೆಲುಗಿನಲ್ಲಿ ಎರುಕಲ ಎನ್ನುವ ಜನ ಈ ಪಟ್ಟಿಯಲ್ಲಿದ್ದರು. ಅವರನ್ನು ಇರಿಸಲು ಆಂಧ್ರದ ಕರಾವಳಿಯಲ್ಲಿ ಸ್ಟುವರ್ಟ್‌ಪುರಂ ಎಂಬ ವಸತಿಯನ್ನೇ ಕಟ್ಟಲಾಯಿತು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆ ಹಣೆಪಟ್ಟಿ ಮಾತ್ರ ತೆರೆಯ ಮೇಲೆ ಮುಂದುವರಿಯಿತು. 1991ರಲ್ಲಿ ‘ಸ್ಟುವರ್ಟ್‌ಪುರಂ ಪೊಲೀಸ್ ಸ್ಟೇಷನ್’ ಬಂತು, 2023ರಲ್ಲಿ ‘ಟೈಗರ್ ನಾಗೇಶ್ವರ ರಾವ್’ ಬಂತು. ಎರಡನೆಯ ಚಿತ್ರದ ಟೀಸರ್ ಆ ಊರಿನ ಜನರನ್ನು ಅವಮಾನಿಸುತ್ತದೆ ಎಂಬ ದೂರು ಆಂಧ್ರಪ್ರದೇಶ ಹೈಕೋರ್ಟಿಗೂ ಹೋಯಿತು. ಕನ್ನಡದಲ್ಲೂ ಹೊಸಕೋಟೆ ಬಳಿಯ ಒಂದು ಹಳ್ಳಿಯ ಹೆಸರು ಮೊದಲು ಒಂದು ಗ್ಯಾಂಗಿನ ಹೆಸರಾಗಿ, 2012ರಲ್ಲಿ ‘ದಂಡುಪಾಳ್ಯ’ ಎಂಬ ಸಿನಿಮಾದ ಹೆಸರಾಯಿತು. ಆ ಹೆಸರನ್ನು ವಿಳಾಸದಲ್ಲಿ ಬರೆಯಬೇಕಾದ ಸಾಮಾನ್ಯರ ಪಾಡನ್ನು ಯೋಚಿಸಿ ನೋಡಬೇಕು.

ಇದು ಹಳೆಯ ಮಾತು ಎನ್ನುವಂತೆಯೂ ಇಲ್ಲ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಸುಕನ್ಯಾ ಶಾಂತಾ ಪ್ರಕರಣದಲ್ಲಿ ತೀರ್ಪು ನೀಡಿ, ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಜಾತಿ ಆಧಾರಿತ ನಿಯಮಗಳನ್ನು ರದ್ದುಗೊಳಿಸಿತು. ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳಂತೆ ನೋಡುವುದನ್ನೂ ಅದು ತಳ್ಳಿಹಾಕಿತು.

ಪಾಠದ ಯೋಜನೆ

ತರಗತಿ: 10. ವಿಷಯ: ಗಣಿತ. ಘಟಕ: ಸಂಭವನೀಯತೆ. ಅವಧಿ: 2.

ಪೂರ್ವಜ್ಞಾನ: ಭಿನ್ನರಾಶಿ, ಶೇಕಡ, ಯಾದೃಚ್ಛಿಕ ಪ್ರಯೋಗದ ಅರ್ಥ.

ಕಲಿಕಾ ಫಲಗಳು: ಆರಿಸಿದ ಮಾದರಿಗೂ ಯಾದೃಚ್ಛಿಕ ಮಾದರಿಗೂ ಇರುವ ವ್ಯತ್ಯಾಸ ಗುರುತಿಸುವುದು, ‘ಖಳರಲ್ಲಿ ಆ ಊರಿನವರು ಎಷ್ಟು’ ಮತ್ತು ‘ಆ ಊರಿನವರಲ್ಲಿ ಖಳರು ಎಷ್ಟು’ ಎಂಬ ಎರಡು ಪ್ರಶ್ನೆಗಳನ್ನು ಬೇರ್ಪಡಿಸುವುದು.

ಬೋಧನೋಪಕರಣ: ಎರಡು ಬಟ್ಟೆ ಚೀಲ, 200 ಹುಣಸೆ ಬೀಜ, ಒಂದು ಸ್ಟೀಲ್ ತಟ್ಟೆ, ಸೀಮೆಸುಣ್ಣ.

ನಮ್ಮ ಕಡೆ ಹುಣಸೆ ಬೀಜಕ್ಕೆ ಬರವಿಲ್ಲ. ಚೌಕಾಬಾರ ಆಡಲು ಬೀಜದ ಒಂದು ಮುಖವನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡುವುದು ಮಕ್ಕಳಿಗೆ ಗೊತ್ತು. ಒಂದೊಂದು ಚೀಲದಲ್ಲಿ 100 ಬೀಜ. ಎರಡರಲ್ಲೂ ಉಜ್ಜಿದ ಬೀಜ ನಾಲ್ಕೇ. ಚೀಲವೆಂದರೆ ಒಂದು ಊರು, ಬೀಜವೆಂದರೆ ಒಬ್ಬ ಮನುಷ್ಯ, ಉಜ್ಜಿದ ಬೀಜವೆಂದರೆ ತಪ್ಪು ಮಾಡಿದವನು. ಊರುಗಳಿಗೆ ‘ಅ’ ಮತ್ತು ‘ಬ’ ಎಂದಷ್ಟೇ ಹೆಸರಿಟ್ಟೆ. ಒಳಗಿನ ಲೆಕ್ಕವನ್ನು ಮಕ್ಕಳಿಗೆ ಹೇಳಲಿಲ್ಲ.

ಚಟುವಟಿಕೆ 1: ನಿರ್ದೇಶಕನ ತಟ್ಟೆ

ಒಬ್ಬ ವಿದ್ಯಾರ್ಥಿನಿ ಧಾರಾವಾಹಿಯ ನಿರ್ದೇಶಕಿ. ತಟ್ಟೆಯೇ ಟಿವಿ, ಮಧ್ಯೆ ಸೀಮೆಸುಣ್ಣದ ಗೆರೆ. ಆಕೆ ಚೀಲದೊಳಗೆ ನೋಡಿಯೇ ಆರಿಸಬೇಕು. ಅವಳ ಕೈಗೆ ಕೊಟ್ಟ ಚೀಟಿಯಂತೆ ‘ಅ’ ಊರಿನಿಂದ 4 ಉಜ್ಜಿದ ಬೀಜ, 2 ಸಾದಾ ಬೀಜ. ‘ಬ’ ಊರಿನಿಂದ 1 ಉಜ್ಜಿದ್ದು, 9 ಸಾದಾ. ತರಗತಿಗೆ ತಟ್ಟೆ ಮಾತ್ರ ಕಾಣುತ್ತದೆ.

“ಕಣ್ಣು ಮುಚ್ಚಿ ‘ಅ’ ಊರಿನಿಂದ ಒಬ್ಬರನ್ನು ಕರೆದರೆ ಅವರು ತಪ್ಪು ಮಾಡಿದವರಾಗಿರುವ ಸಂಭವನೀಯತೆ ಎಷ್ಟು?” ಎಂದು ಕೇಳಿದೆ. ಬಹುಪಾಲು ಮಕ್ಕಳು 4/6 ಎಂದರು. ಅಂದರೆ ಸುಮಾರು 0.67. ‘ಬ’ ಊರಿಗೆ 1/10. ಆಮೇಲೆ ತಟ್ಟೆಯ ಬೀಜಗಳನ್ನು ಚೀಲಕ್ಕೆ ಹಾಕಿ ಪೂರ್ತಿ ಎಣಿಸಿದರು. ಎರಡೂ ಊರಿಗೆ 4/100, ಅಂದರೆ 0.04. ತರಗತಿಯಲ್ಲಿ ಗುಸುಗುಸು ಶುರುವಾಯಿತು. “ಮೋಸ ಮಿಸ್, ಅವ್ಳು ಬೇಕಂತ ಆರಿಸ್ಬಿಟ್ಲು” ಎಂದು ಒಬ್ಬ ಕೂಗಿದ. ನನಗೆ ಬೇಕಿದ್ದ ಮಾತು ಅದೇ. ‘ಬೇಕಂತ ಆರಿಸಿದ್ದು’ ಎಂಬುದಕ್ಕೆ ಗಣಿತದ ಹೆಸರನ್ನು ಕಪ್ಪುಹಲಗೆಯಲ್ಲಿ ಬರೆದೆ: ಆರಿಸಿದ ಮಾದರಿ.

ಚಟುವಟಿಕೆ 2: ಕಣ್ಣು ಮುಚ್ಚಿ ತೆಗೆಯುವುದು

ಗುಂಪುಗಳು ಸರದಿಯಂತೆ ‘ಅ’ ಚೀಲದಿಂದ ನೋಡದೆ ಒಂದು ಬೀಜ ತೆಗೆದು, ಗುರುತಿಸಿ, ಮತ್ತೆ ಒಳಗೆ ಹಾಕಿದವು; ಹೀಗೆ 10 ಸಲ. ಹೆಚ್ಚಿನ ಗುಂಪುಗಳಿಗೆ ಉಜ್ಜಿದ ಬೀಜ ಒಂದೂ ಬರಲಿಲ್ಲ. 10 ಸಲವೂ ಸಾದಾ ಬೀಜವೇ ಬರುವ ಸಂಭವನೀಯತೆ 0.96ರ 10ನೇ ಘಾತ, ಅಂದರೆ ಸುಮಾರು 0.66. ಇದು ಪಠ್ಯಕ್ಕಿಂತ ಸ್ವಲ್ಪ ಮುಂದಿನದು. ಕೇಳಿದ ಮಕ್ಕಳಿಗೆ ಮಾತ್ರ ವಿವರಿಸಿದೆ.

ನಂತರ ತಟ್ಟೆಯ ಲೆಕ್ಕಕ್ಕೆ ಮರಳಿದೆವು. ತಟ್ಟೆಯಲ್ಲಿದ್ದ 5 ಉಜ್ಜಿದ ಬೀಜಗಳಲ್ಲಿ 4 ‘ಅ’ ಊರಿನವು. ಹಾಗಾಗಿ ‘ತೆರೆಯ ಖಳ ಅ ಊರಿನವನು’ ಎಂಬುದು 4/5. ‘ಅ ಊರಿನವನು ಖಳ’ ಎಂಬುದು 4/100. ಪದಗಳು ಅವೇ, ಛೇದ ಬೇರೆ. ಮೊದಲನೆಯದರಲ್ಲಿ ಖಳರನ್ನು ಎಣಿಸಿದ್ದೇವೆ, ಎರಡನೆಯದರಲ್ಲಿ ಊರಿನ ಜನರನ್ನು.

ಚಟುವಟಿಕೆ 3: ಹುಡುಕಿದಲ್ಲಿ ಸಿಗುತ್ತದೆ

ಎರಡನೇ ಅವಧಿಯಲ್ಲಿ ಒಬ್ಬ ವಿದ್ಯಾರ್ಥಿ ಪೊಲೀಸ್ ಆದ. ಅವನಿಗೆ ‘ಅ’ ಊರಿನ ಮೇಲೆ ಅನುಮಾನ. ಆದ್ದರಿಂದ ‘ಅ’ ಚೀಲದಿಂದ ನೋಡದೆ 50 ಬೀಜ, ‘ಬ’ ಚೀಲದಿಂದ 10 ಬೀಜ ತೆಗೆಯಬೇಕು. ಸರಾಸರಿ ನಿರೀಕ್ಷೆ ಎಷ್ಟು? ‘ಅ’ದಿಂದ 50 × 0.04 = 2; ‘ಬ’ದಿಂದ 10 × 0.04 = 0.4. ತಪ್ಪಿನ ಪ್ರಮಾಣ ಎರಡೂ ಊರಲ್ಲಿ ಒಂದೇ ಇದ್ದರೂ ಸಿಕ್ಕಿಬಿದ್ದವರ ಸಂಖ್ಯೆ ‘ಅ’ ಊರಿನಲ್ಲಿ ಐದು ಪಟ್ಟು. ಆ ಸಂಖ್ಯೆಯನ್ನೇ ತೋರಿಸಿ “ನೋಡಿ, ನಾವು ಅನುಮಾನ ಪಟ್ಟದ್ದು ಸರಿ” ಎನ್ನಬಹುದು. ಆಗ ಮುಂದಿನ ಸಲ 60 ಬೀಜ ತೆಗೆಯುತ್ತಾರೆ.

ಇಲ್ಲಿ 1871ರ ಕಾಯ್ದೆಯ ಬಗ್ಗೆ ಹತ್ತು ನಿಮಿಷ ಹೇಳಿದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವನ ಮನೆಯನ್ನೇ ಕಳ್ಳತನವಾದಾಗಲೆಲ್ಲ ಮೊದಲು ಹುಡುಕಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಮಕ್ಕಳು ಬೀಜದ ಭಾಷೆಯಲ್ಲೇ ಉತ್ತರಿಸಿದರು. ಜಾಮಿಟ್ರಿ ಬಾಕ್ಸಿನ ವಿಷಯವನ್ನು ನಾನು ಎತ್ತಲಿಲ್ಲ. ಹಿಂದಿನ ಬೆಂಚಿನ ಒಬ್ಬಳು ಮೆಲ್ಲಗೆ, “ಮಿಸ್, ಅವತ್ತು ಒಂದೇ ಬ್ಯಾಗು ನೋಡಿದ್ವಿ ನಾವು” ಎಂದಳು. ಯಾರೂ ನಗಲಿಲ್ಲ.

ಮೌಲ್ಯಮಾಪನ

ಕೊನೆಗೆ ಕೊಟ್ಟ ಪ್ರಶ್ನೆ: “ಒಂದು ವರ್ಷದ ಧಾರಾವಾಹಿಗಳಲ್ಲಿ 10 ಖಳರ ಪೈಕಿ 7 ಮಂದಿ ಒಂದೇ ಪ್ರದೇಶದವರು ಎಂದಿಟ್ಟುಕೊಳ್ಳಿ. ಆ ಪ್ರದೇಶದ 10 ಜನರಲ್ಲಿ 7 ಮಂದಿ ಕೆಟ್ಟವರು ಎನ್ನಬಹುದೇ? ಉತ್ತರಿಸಲು ಇನ್ನೇನು ತಿಳಿಯಬೇಕು?” ಒಳ್ಳೆಯ ಉತ್ತರಗಳಲ್ಲಿ ಎರಡು ಅಂಶಗಳಿದ್ದವು: ಆ ಪ್ರದೇಶದ ಒಟ್ಟು ಜನ ಎಷ್ಟು, ಮತ್ತು ಕಥೆ ಬರೆದವರು ಹೇಗೆ ಆರಿಸಿದರು. ಸೂತ್ರವನ್ನಷ್ಟೇ ಬರೆದು 7/10 ಎಂದವರಿಗೆ ಮತ್ತೊಮ್ಮೆ ತಟ್ಟೆ ಮತ್ತು ಚೀಲವನ್ನು ಮುಂದಿಟ್ಟು ಪುನರ್ಬಲನ ಮಾಡಿದೆ.

ಅಡ್ಡಹೆಸರು ಎರಡು ಅವಧಿಯಲ್ಲಿ ಹೋಗಲಿಲ್ಲ. ಆದರೆ ಯಾರಾದರೂ ಹಾಗೆ ಕರೆದಾಗ “ಏಯ್, ತಟ್ಟೆ ನೋಡಿ ಹೇಳ್ಬೇಡ” ಎಂಬ ಮಾತು ಆ ತರಗತಿಯಲ್ಲಿ ಹುಟ್ಟಿಕೊಂಡಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

1. ಚಟುವಟಿಕೆಯಲ್ಲಿ ನಿಜವಾದ ಜಾತಿ, ಸಮುದಾಯ, ಊರಿನ ಹೆಸರು ಬಳಸಬೇಡಿ. ತರಗತಿಯಲ್ಲಿ ಆ ಹಿನ್ನೆಲೆಯ ಮಗು ಕೂತಿರಬಹುದು. ಎಲ್ಲರ ಕಣ್ಣು ಆ ಮಗುವಿನ ಮೇಲೆ ಬೀಳಬಾರದು.

2. ಸಿನಿಮಾ, ಧಾರಾವಾಹಿ ನೋಡಬೇಡಿ ಎಂದು ಹೇಳಬೇಡಿ. ಅದನ್ನು ಮಕ್ಕಳು ಕೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ‘ಆರಿಸಿದ್ದು ಯಾರು, ಬಿಟ್ಟದ್ದು ಏನು’ ಎಂದು ಕೇಳುವ ಅಭ್ಯಾಸ ಮಾಡಿಸಿದರೆ ಸಾಕು.

3. ಅಪರಾಧವೇ ಇಲ್ಲ ಎನ್ನಬೇಡಿ. ಚೀಲದಲ್ಲಿ 4 ಉಜ್ಜಿದ ಬೀಜಗಳಿವೆ. ಅವುಗಳ ಲೆಕ್ಕವನ್ನು ಉಳಿದ 96ರ ಮೇಲೆ ಹಾಕಬಾರದು ಎಂಬುದಷ್ಟೇ ಪಾಠ.

4. ಸಮಾಜ ವಿಜ್ಞಾನ ಬೋಧಿಸುವ ಸ್ನೇಹಿತರು ಜೊತೆಗೂಡಿದರೆ ಒಳ್ಳೆಯದು. ಕಾಯ್ದೆಯ ಇತಿಹಾಸಕ್ಕೆ ಹತ್ತು ನಿಮಿಷ ಸಾಲದು. ಆಗಸ್ಟ್ 31ರ ವಿಮುಕ್ತ ದಿನದ ಆಸುಪಾಸಿನಲ್ಲಿ ಒಂದು ಪೂರ್ಣ ಅವಧಿಯನ್ನೇ ಇಡಬಹುದು.

5. ಬೀಜಗಳನ್ನು ಮಕ್ಕಳಿಂದಲೇ ಉಜ್ಜಿಸಿ. ಉಜ್ಜುವ ಮೊದಲು ಎಲ್ಲ ಬೀಜವೂ ಒಂದೇ ಥರ ಇತ್ತು ಎಂಬುದು ಅವರಿಗೆ ಕೈಯಿಂದಲೇ ತಿಳಿಯುತ್ತದೆ.