ಹಣ್ಣಾದದ್ದು ಯಾವುದು, ಬಣ್ಣ ಬಂದದ್ದು ಯಾವುದು?

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಸಸ್ಯಗಳ ಬೆಳವಣಿಗೆಯ ಪಾಠ ಬಂದಾಗ ಎಥಿಲೀನ್ ಬಗ್ಗೆ ಅರ್ಧ ಪುಟ ಓದುತ್ತೇವೆ. ಪರೀಕ್ಷೆಯಲ್ಲಿ ಒಂದೋ ಎರಡೋ ಅಂಕ, ಬರೆದು ಮರೆಯುತ್ತೇವೆ. ಆ ಅರ್ಧ ಪುಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬೇಸಿಗೆಯ ಆರಂಭದಲ್ಲಿ ಒಮ್ಮೆ ಭಾನುವಾರದ ರೈತ ಸಂತೆಗೆ ಹೋಗಿ ಬನ್ನಿ ಎಂದು ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ. ಅದನ್ನೇ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಮಕ್ಕಳು ಕೇಳಿದ್ದರಿಂದ ಈ ಲೇಖನ.

ಮಾರ್ಚ್ ಕೊನೆಯ ಹೊತ್ತಿಗೆ ನಮ್ಮ ಕರಾವಳಿಯ ಸಂತೆಯಲ್ಲಿ ಏನಿರುತ್ತದೆ? ಹಲಸಿನ ಗುಜ್ಜೆ, ಗೇರುಹಣ್ಣು, ಉಪ್ಪಿನಕಾಯಿಗೆ ಮಾವಿನ ಮಿಡಿ, ಕಲ್ಲಂಗಡಿ, ಅಲಸಂಡೆ, ಹರಿವೆ, ಬಸಳೆ, ಮಂಗಳೂರು ಸೌತೆ. ಪುನರ್ಪುಳಿ ಇದ್ದರೂ ಅದು ಕಳೆದ ವರ್ಷ ಒಣಗಿಸಿಟ್ಟ ಸಿಪ್ಪೆ. ಮುಂಡಪ್ಪ ಮಾವು ಇನ್ನೂ ಮರದಲ್ಲೇ ಇರುತ್ತದೆ. ಗಮನಿಸಿ, ಈ ಪಟ್ಟಿಯಲ್ಲಿ ಹಣ್ಣುಗಳು ಎರಡೇ. ಉಳಿದದ್ದೆಲ್ಲ ಎಳೆಯದು, ಕಾಯಿ ಅಥವಾ ಸೊಪ್ಪು. ಅದೇ ದಿನ ಪೇಟೆಯ ಅಂಗಡಿಯಲ್ಲಿ ಮಾತ್ರ ಹಳದಿ ಮಾವಿನ ರಾಶಿ ಕಾಣುತ್ತದೆ. ಅದರಲ್ಲಿ ಬೇಗ ಹಣ್ಣಾಗುವ ಬೇರೆ ಊರಿನ ಮಾವೂ ಇರಬಹುದು, ಎಲ್ಲವೂ ಹಾಗಲ್ಲ.

ಹಣ್ಣುಗಳಲ್ಲಿ ಎರಡು ಜಾತಿ. ಮಾವು, ಬಾಳೆ, ಹಲಸು, ಪಪ್ಪಾಯಿ, ಚಿಕ್ಕು ಇವೆಲ್ಲ ಬಲಿತ ಮೇಲೆ ಕೊಯ್ದರೆ ಮನೆಯಲ್ಲೇ ಹಣ್ಣಾಗುತ್ತವೆ. ಹಣ್ಣಾಗುವಾಗ ಇವುಗಳ ಉಸಿರಾಟದ ವೇಗ ಒಮ್ಮೆಲೇ ಏರುತ್ತದೆ, ಎಥಿಲೀನ್ ಅನಿಲ ಹೆಚ್ಚು ಹೊರಬರುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಕಲ್ಲಂಗಡಿ, ದ್ರಾಕ್ಷಿ, ಅನಾನಸು, ಕಿತ್ತಳೆ, ಗೇರುಹಣ್ಣು ಹಾಗಲ್ಲ. ಗಿಡದಿಂದ ಬೇರೆಯಾದ ಗಳಿಗೆಗೆ ಎಷ್ಟು ಸಿಹಿ ಇತ್ತೋ ಅಷ್ಟೇ. ಆಮೇಲೆ ಮೆತ್ತಗಾದೀತು, ಕೊಳೆತೀತು, ಸಿಹಿ ಹೆಚ್ಚುವುದಿಲ್ಲ.

ಕಿತ್ತಳೆಯ ಪಕ್ಕದಲ್ಲಿಟ್ಟ ಬಾಳೆಕಾಯಿ ಬೇಗ ಹಣ್ಣಾಗುವುದನ್ನು 1910ರಲ್ಲಿ ಕಸಿನ್ಸ್ ಗಮನಿಸಿದರು ಎಂದು ಪಠ್ಯದಲ್ಲಿದೆಯಲ್ಲ, ಅಲ್ಲೊಂದು ತಮಾಷೆ ಇದೆ. ಆರೋಗ್ಯವಾದ ಕಿತ್ತಳೆ ಬಿಡುವ ಎಥಿಲೀನ್ ಬಹಳ ಕಡಿಮೆ. ಕಿತ್ತಳೆಗೆ ಹಿಡಿಯುವ ಹಸಿರು ಬೂಷ್ಟು ಮಾತ್ರ ಧಾರಾಳವಾಗಿ ಬಿಡುತ್ತದೆ. ಬಾಳೆಯನ್ನು ಹಣ್ಣು ಮಾಡಿದ್ದು ಆ ಬೂಷ್ಟೇ ಇರಬೇಕೆಂದು ನಂತರದವರ ಊಹೆ. ಪರೀಕ್ಷೆಯಲ್ಲಿ ಪಠ್ಯದಲ್ಲಿದ್ದಂತೆಯೇ ಬರೆಯಿರಿ!

ಕಲ್ಲಂಗಡಿ ನಮ್ಮ ಮನೆಗಳಿಗೆ ಹತ್ತಿರದ ವಿಷಯ. ಹಿಜರಿ ವರ್ಷ ಚಂದ್ರಮಾನ. ರಂಝಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. 2024ರಲ್ಲಿ ಮಾರ್ಚ್ ಎರಡನೇ ವಾರ ಆರಂಭವಾದದ್ದು 2026ರಲ್ಲಿ ಫೆಬ್ರವರಿಗೆ ಬಂತು. ಇಫ್ತಾರಿನ ಬೇಡಿಕೆಯೂ ಜೊತೆಗೇ ಹಿಂದೆ ಸರಿಯಿತು. ಆದರೆ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಹಾಕುವ ಕಲ್ಲಂಗಡಿಗೆ ಬಿತ್ತನೆಯಿಂದ ಎರಡೂವರೆ, ಮೂರು ತಿಂಗಳು ಬೇಕೇ ಬೇಕು. ಬಳ್ಳಿಗೆ ಹಬ್ಬದ ಲೆಕ್ಕ ತಿಳಿಯುವುದಿಲ್ಲ. ದರ ಇರುವಾಗಲೇ ಮಾರಬೇಕೆಂದು ಒಂದು ವಾರ ಮೊದಲು ಕೊಯ್ದರೆ ಆ ಹಣ್ಣನ್ನು ಯಾವ ಔಷಧಿಯೂ ಸಿಹಿ ಮಾಡದು. ಕೊಳ್ಳುವಾಗ ನೆಲಕ್ಕೆ ತಾಗಿದ್ದ ಮಚ್ಚೆ ನೋಡಿ: ಬೆಣ್ಣೆಯಂತೆ ಹಳದಿಯಾಗಿದ್ದರೆ ಬಲಿತಿದೆ, ಬಿಳಿಯಾಗಿದ್ದರೆ ಇಲ್ಲ. ಸಂತೆಯಲ್ಲಿ ಬೆಳೆದವರೇ ಎದುರಿಗಿರುತ್ತಾರೆ. ಹಣ್ಣಿನ ತೊಟ್ಟಿನ ಹತ್ತಿರದ ಸುರುಳಿ ಕುಡಿ ಒಣಗಿತ್ತೇ ಎಂದು ಕೇಳಿದರೆ ಹೇಳುತ್ತಾರೆ.

ಮಾವಿನದು ಇನ್ನೂ ಗಂಭೀರ. ಪೂರ್ತಿ ಬೆಳೆಯದ ಕಾಯಿಯಲ್ಲಿ ಪಿಷ್ಟವೇ ಸಾಲದು, ಸಕ್ಕರೆ ಎಲ್ಲಿಂದ ಬರಬೇಕು? ಅಂಥ ಕಾಯಿಗೆ ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟರೆ ಅದು ತೇವದೊಡನೆ ಸೇರಿ ಅಸಿಟಿಲೀನ್ ಅನಿಲ ಬಿಡುತ್ತದೆ. ಅಸಿಟಿಲೀನ್ ಎಥಿಲೀನಿನಂತೆಯೇ ಕೆಲಸ ಮಾಡಿ ಸಿಪ್ಪೆಯನ್ನು ಹಳದಿ ಮಾಡುತ್ತದೆ. ಒಳಗೆ ಹುಳಿ ಹಾಗೇ ಉಳಿಯುತ್ತದೆ. ಪೇಟೆಯಲ್ಲಿ ಸಿಗುವ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶ ಬೆರೆತಿರುತ್ತದೆ. ಆದ್ದರಿಂದ ನಮ್ಮ ದೇಶದಲ್ಲಿ ಹಣ್ಣು ಮಾಗಿಸಲು ಅದನ್ನು ಬಳಸುವಂತಿಲ್ಲ, 2011ರ ಆಹಾರ ಸುರಕ್ಷತಾ ನಿಯಮವೇ ನಿಷೇಧಿಸಿದೆ. ಎಥಿಲೀನ್ ಅನಿಲವನ್ನು ಮಾತ್ರ ಹತ್ತು ಲಕ್ಷದಲ್ಲಿ 100 ಭಾಗದವರೆಗೆ ಬಳಸಬಹುದು. ಅದು ಹಣ್ಣು ತಾನೇ ತಯಾರಿಸುವ ವಸ್ತು.

ಸಂತೆಯಲ್ಲಿ ಮಿಡಿ, ಗುಜ್ಜೆ ಮಾರುವ ಒಬ್ಬ ಅಕ್ಕನಿಗೆ ಇದರ ಪೆಟ್ಟು ನೇರವಾಗಿ ಬೀಳುತ್ತದೆ. "ಮಾಷ್ಟ್ರೇ, ಹಳದಿ ಮಾವು ಇಲ್ವಾ ಅಂತ ಕೇಳ್ತಾರೆ, ಇಲ್ಲ ಅಂದ್ರೆ ಮುಂದೆ ಹೋಗ್ತಾರೆ. ನಮ್ಮ ಮರದ್ದು ಇನ್ನೂ ಕಾಯಿ. ಈಗಲೇ ಕೊಯ್ದು ವ್ಯಾಪಾರಿಗೆ ಕೊಟ್ರೆ ಇವತ್ತು ದುಡ್ಡು ಸಿಗ್ತದೆ, ಮೇ ತಿಂಗಳಲ್ಲಿ ಮರ ಖಾಲಿ," ಎಂದರು. ಆತುರದ ಗಿರಾಕಿಯಿಂದಾಗಿ ಕಾಯುವ ರೈತನಿಗೇ ನಷ್ಟ. ಕಾರ್ಬೈಡ್ ಇಡುವವರನ್ನು ಬೈಯುವ ನಾವು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಗೇರುಹಣ್ಣಿಗೆ ಕಾಯಿಸುವ ಪ್ರಶ್ನೆಯೇ ಇಲ್ಲ. ಬೆಳಿಗ್ಗೆ ಕೊಯ್ದದ್ದು ಸಂಜೆಗೆ ಬಾಡುತ್ತದೆ. ಅದಕ್ಕೇ ಅಂಗಡಿಗೆ ಬರುವುದಿಲ್ಲ, ಸಂತೆಗೆ ಮಾತ್ರ ಬರುತ್ತದೆ. ದ್ವಿತೀಯ ಪಿಯುಸಿಯವರಿಗೆ ನೆನಪಿರಲಿ, ಇದು ಮಿಥ್ಯಾಫಲ. ಹೂವಿನ ತೊಟ್ಟು ಮತ್ತು ಬುಡ ಉಬ್ಬಿ ಆದದ್ದು. ನಿಜವಾದ ಹಣ್ಣು ಕೆಳಗೆ ನೇತಾಡುವ ಗಟ್ಟಿ ಬೀಜದ ಭಾಗ. ಗಂಟಲು ಕೆರೆಯುವುದು ಟ್ಯಾನಿನ್‌ನಿಂದ. ಹೆಚ್ಚಿಟ್ಟು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಕಡಿಮೆಯಾಗುತ್ತದೆ. ಸಿ ಜೀವಸತ್ವ ಕಿತ್ತಳೆಯಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಹೀಗಿದ್ದೂ ಬೀಜ ಕಿತ್ತುಕೊಂಡು ಹಣ್ಣನ್ನು ಗುಡ್ಡದಲ್ಲೇ ಬಿಟ್ಟು ಬರುವುದು ಹೆಚ್ಚು.

ಸೌತೆಯದು ಇದಕ್ಕೆ ಪೂರ್ತಿ ವಿರುದ್ಧ. ಚೆನ್ನಾಗಿ ಬಲಿತ, ಸಿಪ್ಪೆಗೆ ಗಾಯವಾಗದ ಮಂಗಳೂರು ಸೌತೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿನ ಕೆಳಗೆ ತೂಗುಹಾಕಿದರೆ ಮಳೆಗಾಲಕ್ಕೂ ಉಳಿಯುತ್ತದೆ. ಒಂದಕ್ಕೊಂದು ತಾಗಬಾರದು, ಗಾಳಿಯಾಡಬೇಕು. ನಿಮ್ಮ ಉಮ್ಮ, ಅಜ್ಜಿಯರಿಗೆ ಇದು ಗೊತ್ತು.

ರಜೆಯಲ್ಲಿ ಮಾಡಲು ಒಂದು ಪ್ರಯೋಗ. ಸಂತೆಯಿಂದ ಆರು ಮಾವಿನಕಾಯಿ ತನ್ನಿ. ಬಕೆಟ್ ನೀರಿಗೆ ಹಾಕಿ ತೇಲಿದ್ದನ್ನು, ಮುಳುಗಿದ್ದನ್ನು ಬೇರೆ ಮಾಡಿ, ಬಲಿತದ್ದು ಮುಳುಗುತ್ತದೆ. ಒರೆಸಿ, ಎರಡೂ ಗುಂಪಿನಿಂದ ಒಂದೊಂದನ್ನು ಕಳಿತ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿಡಿ, ಉಳಿದವನ್ನು ಹಾಗೇ ಹೊರಗಿಡಿ. ಯಾವುದು ಎಷ್ಟನೇ ದಿನ ಮೆತ್ತಗಾಯಿತು, ಯಾವುದು ಸಿಹಿಯಾಯಿತು, ಯಾವುದು ಸುಕ್ಕುಗಟ್ಟಿತು ಎಂದು ದಿನಾಂಕ ಹಾಕಿ ಬರೆಯಿರಿ. ಕಾಲೇಜು ತೆರೆದ ಮೊದಲ ವಾರ ಪ್ರಯೋಗಾಲಯದಲ್ಲಿ ಎಲ್ಲರ ಪಟ್ಟಿಗಳನ್ನೂ ಒಟ್ಟಿಗೆ ಇಟ್ಟು ನೋಡೋಣ.